ಕಮಲಮ್ಮನ ಡಬ್ಬಿಯ ಪತ್ತೇದಾರಿಕೆ

ಕೊಲೆಯ ಕಾದಂಬರಿ ಓದುವಾಗ ಬಾಯಲ್ಲಿ ನೀರೂರಿದರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ನನಗೆ ಹೇಳಿಕೊಳ್ಳಲು ಯಾರೂ ಇಲ್ಲದ್ದರಿಂದ ನಿಮ್ಮೆದುರು ಒಪ್ಪಿಕೊಳ್ಳುತ್ತಿದ್ದೇನೆ. ಬಡ್ತಿಯ ಜೊತೆ ವರ್ಗವೂ ಆಗಿ, ಗದಗಿನಿಂದ ಬಸವೇಶ್ವರನಗರದ ಈ ಮಹಡಿ ಮನೆಗೆ ಒಬ್ಬಳೇ ಬಂದ ಮೇಲೆ ನನ್ನ ಸಂಜೆಗಳನ್ನು ಕಾಪಾಡಿದ್ದು ಕುರುಬರಹಳ್ಳಿಯ ಬಾಡಿಗೆ ಪುಸ್ತಕದಂಗಡಿ. "ಇದು ತಗೊಳ್ಳಿ ಮೇಡಂ. ಕೊಲೆ ಇದೆ, ರಕ್ತ ಇಲ್ಲ. ಅಡುಗೆ ಜಾಸ್ತಿ" ಎಂದು ಅಂಗಡಿಯವರು ಒಂದು ಇಂಗ್ಲಿಷ್ ಕಾದಂಬರಿ ಕೊಟ್ಟರು. ಯಾವುದೋ ಚಳಿ ದೇಶದ ಹೆಂಗಸು ಕೇಕ್ ಮಾಡುತ್ತ ಮಾಡುತ್ತಲೇ ಕೊಲೆಗಾರರನ್ನು ಹಿಡಿಯುತ್ತಾಳೆ. ಅಧ್ಯಾಯ ಮುಗಿದಲ್ಲೆಲ್ಲ ಮಾಡುವ ವಿಧಾನ ಬೇರೆ. ಹೆಣ ಬಿದ್ದ ಪುಟವನ್ನು ಹಾರಿಸಿ ಬೆಣ್ಣೆ ಎಷ್ಟು, ಸಕ್ಕರೆ ಎಷ್ಟು ಎಂದು ನೋಡುವಷ್ಟು ನಾನು ಕೆಟ್ಟುಹೋದೆ. ನನಗೆ ಹೊಟ್ಟೆಕಿಚ್ಚಾಗಿದ್ದು ಅವಳ ಬುದ್ಧಿ ಕಂಡಲ್ಲ, ಅಡುಗೆಮನೆ ಕಂಡು. ಊರಿನವರೆಲ್ಲ ಅಲ್ಲೇ ಬಂದು ಕೂರುತ್ತಾರೆ, ಪೊಲೀಸರು ಬರುತ್ತಾರೆ, ಕೊನೆಗೆ ಹೆಣವೂ ಬರುತ್ತದೆ. ನನ್ನ ಅಡುಗೆಮನೆಗೆ ಗ್ಯಾಸಿನವನನ್ನು ಬಿಟ್ಟರೆ ಯಾರೂ ಬಂದದ್ದಿಲ್ಲ.

ಆ ಹೆಂಗಸು ಒಂದು ಕೇಕಿನ ತಟ್ಟೆಯ ಜಾಡು ಹಿಡಿದು ಹೊರಟಾಗ ನಾನು ತಲೆಯೆತ್ತಿ ನನ್ನ ಶೆಲ್ಫ್ ನೋಡಿದೆ. ಅಲ್ಲಿ ಯುಗಾದಿಯಿಂದ ಒಂದು ಸ್ಟೀಲ್ ಡಬ್ಬಿ ಕೂತಿತ್ತು. ಹಬ್ಬದ ದಿನ ನಾನು ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋಗಿದ್ದಾಗ ಯಾರೋ ಒಬ್ಬಟ್ಟು ತುಂಬಿದ ಆ ಡಬ್ಬಿಯನ್ನು ಬಾಗಿಲಲ್ಲಿಟ್ಟು ಹೋಗಿದ್ದರು. ಒಬ್ಬಟ್ಟು ಅಂದೇ ಮುಗಿಯಿತು. ಖಾಲಿ ಡಬ್ಬಿ ವಾಪಸು ಕೊಡಬಾರದಲ್ಲ, ಒಬ್ಬಳೇ ಇರುವಾಗ ಏನು ಮಾಡಿ ತುಂಬುವುದು ಎನ್ನುವ ಸೋಮಾರಿತನದಲ್ಲಿ ದಸರಾ ಬಂದಿತ್ತು. ಸುಳಿವಂತೂ ಕಣ್ಣೆದುರಿಗೇ ಇತ್ತು. ಡಬ್ಬಿಯ ಮೇಲೆ 'ಕಮಲಮ್ಮ' ಎಂದು ಕೊರೆಸಿದ್ದರು.

ಶೇಂಗಾ ಹೋಳಿಗೆ ಮಾಡಿ ತುಂಬಿದೆ. ಹಾಲಿನ ಬೂತಿನಲ್ಲಿ ವಿಚಾರಿಸಿ, ರಸ್ತೆಯ ಕೊನೆಯ ಮನೆಯ ಕಮಲಮ್ಮನವರನ್ನು ಪತ್ತೆಹಚ್ಚಿದೆ.

"ಹೆಸರು ನಂದೇ ಕಣಮ್ಮ, ಡಬ್ಬಿ ನಂದಲ್ಲ" ಎಂದು ಅವರು ನಕ್ಕರು. "ನಿಮ್ಮ ಎದುರುಮನೆ ಸುಜಾತನ ಗೃಹಪ್ರವೇಶಕ್ಕೆ ಕೊಟ್ಟಿದ್ದು. ಕೊಟ್ಟೋರ ಹೆಸರು ತಾನೆ ಕೊರೆಸೋದು?"

ನನ್ನ ಮನೆಯ ಅರ್ಧ ಪಾತ್ರೆಗಳ ಮೇಲೂ ಚಿಕ್ಕಮ್ಮಂದಿರ ಹೆಸರೇ ಇದೆ. ಆದರೂ ಹೊಳೆದಿರಲಿಲ್ಲ.

ಸುಜಾತಾ ಬಾಗಿಲು ತೆರೆದಾಗ ಒಳಗೆ ಟೀವಿಯಲ್ಲಿ ಜಾಹೀರಾತು ಬರುತ್ತಿತ್ತು. "ಅಯ್ಯೋ, ಮಹಡಿ ಮನೆ ಮೇಡಮ್ಮಾ! ಈ ಡಬ್ಬಿನ ಮನೆಯೆಲ್ಲಾ ಹುಡುಕಿದ್ದೆ ಕಣ್ರೀ. ಬನ್ನಿ ಒಳಗೆ, ಕಾಫಿ ಕುಡೀರಿ" ಎಂದರು.

"ಬ್ಯಾಡ್ರೀ, ಯಾಕ ತ್ರಾಸು" ಎಂದೆ. ನಮ್ಮ ಕಡೆ ಮೊದಲ ಸಲ ಹಾಗೇ ಅನ್ನಬೇಕು. ಎರಡನೇ ಸಲ ಕರೆದರೆ ಹೋಗೋಣವೆಂದು ಚಪ್ಪಲಿಯಿಂದ ಒಂದು ಕಾಲನ್ನು ಹೊರಗೆ ತೆಗೆದೂ ಇದ್ದೆ. ಅಷ್ಟರಲ್ಲಿ ಜಾಹೀರಾತು ಮುಗಿದು ಧಾರಾವಾಹಿ ಶುರುವಾಯಿತು. "ಸರಿ ಹಾಗಾದ್ರೆ, ಇನ್ನೊಂದ್ಸಲ ಬನ್ನಿ" ಎಂದರು.

ಮನೆಗೆ ಬಂದು ಕಾದಂಬರಿಯ ಕೊನೆಯ ಅಧ್ಯಾಯ ಓದಿದೆ. ಕೊಲೆಗಾರ ಸಿಕ್ಕಿದ್ದ. ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಕೇಕ್ ತಿನ್ನುತ್ತಿದ್ದರು. ನನ್ನ ಪತ್ತೇದಾರಿಕೆಯಿಂದ ಶೆಲ್ಫಿನಲ್ಲಿ ಒಂದು ಜಾಗ ಖಾಲಿಯಾಗಿತ್ತು, ಅಷ್ಟೆ. ತುಂಬ ಬೇಜಾರಾಯಿತು. ಆ ಡಬ್ಬಿ ಇರುವವರೆಗೆ ಈ ಊರಿನಲ್ಲಿ ಯಾವುದೋ ಒಂದು ಮನೆಗೆ ನನ್ನಿಂದ ಏನೋ ಬರಬೇಕಾಗಿತ್ತು. ಈಗ ಅದೂ ಇಲ್ಲ.

ಮರುವಾರ ರಾಜಾಜಿನಗರದ ಪಾತ್ರೆ ಅಂಗಡಿಯಲ್ಲಿ ಹೊಸ ಡಬ್ಬಿ ಕೊಂಡೆ. ಹೆಸರು ಕೊರೆಯುವವನು ಮಿಷನ್ ಹಿಡಿದು, "ಯಾರ ಮದ್ವೆಗೆ ಮೇಡಂ? ಗಂಡು-ಹೆಣ್ಣಿನ ಹೆಸರು ಹೇಳಿ" ಎಂದ.

"ಮದುವಿ ಅಲ್ರೀ. ನನ್ನ ಹೆಸರು ಹಾಕ್ರಿ. ಕೆಳಗ 'ಎದುರಿನ ಮಹಡಿ ಮನಿ' ಅಂತ ಬರೀರಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಾದಂಬರಿಗಳಲ್ಲಿ ಅಪರಾಧಿಗಳು ಮರೆತು ಸುಳಿವು ಬಿಟ್ಟುಹೋಗುತ್ತಾರೆ. ನಾನು ಕೂಲಿ ಕೊಟ್ಟು ಕೊರೆಸಿದೆ. ದೀಪಾವಳಿಗೆ ಕರ್ಜಿಕಾಯಿ ತುಂಬಿ ಸುಜಾತಾ ಅವರ ಕೈಗೇ ಕೊಟ್ಟುಬಂದೆ.

ಸಂಕ್ರಾಂತಿ ಹತ್ತಿರವಾಯಿತು, ಡಬ್ಬಿ ಬಂದಿಲ್ಲ. ಬೆಲ್ ಆದಾಗಲೆಲ್ಲ ಪುಸ್ತಕ ಮಗುಚಿಟ್ಟು ಓಡುತ್ತೇನೆ. ಗ್ಯಾಸಿನವನು. ಖಾಲಿ ಹೇಗೆ ಕೊಡುವುದೆಂದು ಅವರೂ ಯೋಚಿಸುತ್ತಿರಬಹುದು. ಯುಗಾದಿಯ ಡಬ್ಬಿಯನ್ನು ದಸರಾದವರೆಗೆ ಇಟ್ಟುಕೊಂಡವಳಿಗೆ ದೂರುವ ಬಾಯಾದರೂ ಎಲ್ಲಿದೆ? ಈಗೀಗ ಸ್ನಾನಕ್ಕೆ ಹೋದಾಗ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಳ್ಳುತ್ತೇನೆ, ಬೆಲ್ ಕೇಳಿಸಬೇಕಲ್ಲ.