ತಗ್ಗಿ ಬಗ್ಗಿ ನಡೆಯುವ ಕಾರು

ಹಳಿಯಾಳದಲ್ಲಿ ಗ್ಯಾರೇಜು ಇಟ್ಟುಕೊಂಡವನು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಹಾರ್ನ್ ಹೊಡೆಯುತ್ತ ಬಾಗಿಲಿಗೆ ಬರುತ್ತವೆ. ಈಚೆಗೆ ಒಬ್ಬನೇ ಗಿರಾಕಿ ತಿಂಗಳಿಡೀ ನಗಿಸಿದ.

೧. ಎರಡು ತಗ್ಗು

ನಮ್ಮ ಪೇಟೆಯ ಬೀಜ-ಗೊಬ್ಬರದ ಅಂಗಡಿಯವನು. ಮೂವತ್ತು ದಾಟಿತ್ತು. ನಾಲ್ಕು ಕಡೆ ಹೆಣ್ಣು ನೋಡಿ ಬಂದರೂ ಎಲ್ಲೂ ಕೂಡಿಬಂದಿರಲಿಲ್ಲ. ಐದನೆಯದು ಮುಂಡಗೋಡದಾಚೆಯ ಮಳಗಿ ಊರಿನಲ್ಲಿ ಗೊತ್ತಾಗಿತ್ತು. ಈ ಸಲ ತಪ್ಪಬಾರದೆಂದು ತನ್ನ ಕಾರಿಗೆ ಎಲ್ಲಿಂದಲೋ ಗಿಡ್ಡ ಸ್ಪ್ರಿಂಗು ತರಿಸಿಕೊಂಡು ಗ್ಯಾರೇಜಿಗೆ ಬಂದ.

"ಗಾಡಿ ಮುಂದ ತಗ್ಗಸ್ರಿ ಮಿಸ್ತ್ರಿ. ನೋಡಿದವ್ರು ಹಾ ಅನ್ನಬೇಕು."

ನಮ್ಮ ಕಡೆ ರಸ್ತೆಯ ಗುಂಡಿಗೂ ತಗ್ಗು ಅಂತಲೇ ಅನ್ನುತ್ತೇವೆ. "ರಸ್ತೇದಾಗಿನ ತಗ್ಗು ಸಾಲಲಿಲ್ಲಂತ ಗಾಡ್ಯಾಗೂ ಒಂದ ಬೇಕೇನ್ರಿ?" ಅಂದೆ. ಕೇಳಲಿಲ್ಲ. ಹಾಗಾದರೆ ಹಿಂದಿನ ಸ್ಪ್ರಿಂಗೂ ಬದಲಿಸಬೇಕು ಅಂದರೆ, "ಹಿಂದ ಯಾರ ನೋಡ್ತಾರ್ರಿ?" ಅಂದ.

೨. ಅವ್ವ ಮುಂದೆ ಬಂದದ್ದು

ದಾಂಡೇಲಿ ರಸ್ತೆಗೆ ಕಾರನ್ನು ಪರೀಕ್ಷೆಗೆ ಒಯ್ದೆವು. ಅವನು ಓಡಿಸುತ್ತಿದ್ದ, ಪಕ್ಕದಲ್ಲಿ ನಾನು, ಹಿಂದೆ ಅವನ ಅವ್ವ. ನಿಜ ಹೇಳಬೇಕು, ನುಣುಪು ತಿರುವಿನಲ್ಲಿ ಸ್ಟೇರಿಂಗ್ ಮುಟ್ಟಿದರೆ ಸಾಕು, ಕಾರಿನ ಮೂತಿ ತಿರುಗುತ್ತಿತ್ತು. ಹುಡುಗ ಮೀಸೆ ತಿರುವಿದ. ಆದರೆ ಗಿಡ್ಡ ಸ್ಪ್ರಿಂಗಿಗೆ ಕುಣಿಯಲು ಜಾಗವಿರುವುದಿಲ್ಲ. ಮುಂದಿನ ತಿರುವಿನಲ್ಲೇ ತಗ್ಗು ಬಂತು. ಸ್ಪ್ರಿಂಗು ತಳ ಕಂಡು ಚಕ್ರ ನೆಗೆಯಿತು. ಅವನು ಎಡಕ್ಕೆ ತಿರುಗಿಸಿದರೆ ಕಾರು ನೆಟ್ಟಗೆ ತೇಗದ ಮರದ ಕಡೆ ಹೊರಟಿತು. ಬ್ರೇಕು ಒತ್ತಿದಾಗ ಮೂತಿ ಇನ್ನಷ್ಟು ಕುಸಿದು, ಅವ್ವ ಸೀಟಿನಿಂದ ಜಾರಿ ನಮ್ಮಿಬ್ಬರ ನಡುವೆ ಬಂದರು.

"ಹಳೇ ಸ್ಪ್ರಿಂಗ ಹಾಕೂಣ್ರಿ" ಅಂದೆ.

"ಹೆಣ್ಣ ನೋಡಿ ಬರೂಮಟ ತಡೀರಿ" ಅಂದ.

ಅವ್ವ ಸೆರಗು ಸರಿಮಾಡಿಕೊಂಡರು. "ಇದೆಂಥಾ ಗಾಡಿಯೋ? ಹಿಂದ ಹತ್ತಿದಾಕಿ ಮುಂದ ಇಳಿಯೂ ಹಂಗಾತು!"

೩. ಮಳಗಿಯಲ್ಲಿ ಅಡ್ಡಿ

ಹೆಣ್ಣು ನೋಡಲು ಹೊರಟ ದಿನ, ಕಾರು ದಾರಿಯಲ್ಲಿ ಕೆಟ್ಟರೆ ಇರಲಿ ಅಂತ ನನ್ನನ್ನೂ ಕರೆದೊಯ್ದರು. ರಸ್ತೆಯ ಪ್ರತಿ ಉಬ್ಬಿಗೂ ನಾನು, ಅವ್ವ ಇಳಿದು, ಕಾರು ದಾಟಿದ ಮೇಲೆ ಹತ್ತಿದೆವು. ಮುಂಡಗೋಡ ಮುಟ್ಟುವಷ್ಟರಲ್ಲಿ ಅವ್ವ, "ಕಾರಿಗಿಂತ ನಾನ ಹೆಚ್ಚ ನಡದೇನಿ" ಅಂದರು.

ಹೆಣ್ಣಿನ ಮನೆಯ ಬಾಗಿಲಲ್ಲಿ ಗಟಾರದ ಮೇಲೊಂದು ಹಾಸುಗಲ್ಲು. ಕಾರಿನ ಮೂತಿ ಅದಕ್ಕೆ ಸಿಕ್ಕಿತು. ಮುಂದೆ ಬರದು, ಹಿಂದೆ ಸರಿಯದು. ಹಿಂಬದಿ ಎತ್ತಿ, ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದ ಹಾಗೆ ನಿಂತುಬಿಟ್ಟಿತು. ಹುಡುಗನ ಮುಖ ಬಿಳಿಚಿತು. ಐದನೆಯದೂ ಹೋಯಿತಲ್ಲ ಅಂತ ನನಗೂ ಸಂಕಟವಾಯಿತು.

ಹೆಣ್ಣಿನ ಅಪ್ಪ ಹೊರಗೆ ಬಂದು ಕಾರನ್ನು ಸುತ್ತು ಹಾಕಿ ನೋಡಿ, ಅವ್ವನ ಕಡೆ ತಿರುಗಿದರು. "ಅಕ್ಕಾರ, ಹುಡುಗ ತಗ್ಗಿ ಬಗ್ಗಿ ನಡೀತಾನಂತ ಫೋನಿನ್ಯಾಗ ಹೇಳಿದ್ರಿ. ಗಾಡೀಗೂ ಕಲಿಸ್ಯಾನಂತ ಹೇಳಿರಲಿಲ್ಲ."

ಒಳಗೆ ಅವಲಕ್ಕಿ, ಚಹಾ ಆಯಿತು. ಅಪ್ಪ ಮಗಳನ್ನು ಕೇಳಿದರು: "ಏನವಾ, ನಿನ್ನ ಒಪ್ಪಿಗಿ ಐತಿಲ್ಲೋ?"

ಆಕೆ ಕಿಟಕಿಯಾಚೆ ನೋಡಿ ಹೇಳಿದಳು: "ಹುಡುಗಗ ನಂದೇನ ಅಡ್ಡಿ ಇಲ್ಲಪ್ಪಾ. ಆ ಗಾಡೀನ ಬಾಗಲಕ ಅಡ್ಡ ನಿಂತೈತಿ. ಮೊದಲ ಅದನ್ನ ಎತ್ತರ ಮಾಡಸ್ಲಿ."

ಓಣಿಯವರೆಲ್ಲ ಸೇರಿ ಕಾರನ್ನು ಎತ್ತಿ ಕಳಿಸಿದರು. ಮರುದಿನ ನಾನು ಬಾಗಿಲು ತೆರೆಯುವ ಮೊದಲೇ ಹುಡುಗ ಗ್ಯಾರೇಜಿನ ಮುಂದೆ ನಿಂತಿದ್ದ.

"ಎಷ್ಟ ಎತ್ತರ ಮಾಡ್ಲಿ?" ಅಂದೆ.

ಫೋನು ತೆಗೆದ. "ತಡೀರಿ ಮಿಸ್ತ್ರಿ, ಆಕೀನ್ನ ಕೇಳಿ ಹೇಳ್ತೇನಿ."

ಅವ್ವ ಹೆಣ್ಣಿನ ಅಪ್ಪನಿಗೆ ಫೋನಿನಲ್ಲಿ ಸುಳ್ಳು ಹೇಳಿರಲಿಲ್ಲ.