ಮೇಷ್ಟ್ರ ಬಲಗಾಲು

"ಇವತ್ತು ಸಂಜೆವರೆಗೂ ಮಗು ನನ್ನ ಪಾಲು! ನೀನು ಬಾಗಿಲು ಹಾಕ್ಕೊಂಡು ಮಲಗು. ಊರಿಗೆಲ್ಲ ಕಾರು ಕಲಿಸಿದವನಿಗೆ ಒಂದು ಮಗು ಯಾವ ಲೆಕ್ಕ?"

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಭಾನುವಾರದ ಊಟ ಮುಗಿಸಿ, ಕೈ ತೊಳೆಯುವ ಮೊದಲೇ ಹೀಗೆಂದು ಘೋಷಿಸಿದರು. ಹೆಂಡತಿ ನಗಲಿಲ್ಲ. ಹೆರಿಗೆಯಾದಾಗಿನಿಂದ ಆಕೆ ನಕ್ಕದ್ದೇ ಅಪರೂಪ. ಒಲೆಯ ಮುಂದೆ ನಿಂತಲ್ಲೇ ಕಣ್ಣು ತುಂಬುತ್ತಿತ್ತು. ಮಗು ಮಲಗಿದರೂ ಆಕೆಗೆ ನಿದ್ದೆ ಹತ್ತುತ್ತಿರಲಿಲ್ಲ. "ಇದು ನಾಟಕ ಅಲ್ಲ, ಸೋಮಾರಿತನಾನೂ ಅಲ್ಲ. ಬಾಣಂತಿಯರಿಗೆ ಬರೋ ಕಾಯಿಲೆ, ವಾಸಿಯಾಗುತ್ತೆ" ಎಂದು ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮ, ಮೇಷ್ಟ್ರ ಕಡೆ ತಿರುಗಿ, "ಇವರಿಗೆ ನಿದ್ದೆ ಬೇಕು. ನೀವು ಸಹಾಯ ಮಾಡಿದರೆ ಸಾಲದು, ಅರ್ಧ ಹೊರೆ ಹೊರಬೇಕು" ಎಂದಿದ್ದರು.

ಹೊರಲು ಮೇಷ್ಟ್ರು ಸಿದ್ಧರೇ. ಅಡ್ಡ ಬಂದದ್ದು ಅವರ ಬಲಗಾಲು!

ಅವರ ಕಾರಿನಲ್ಲಿ ಎರಡು ಬ್ರೇಕು. ಒಂದು ಕಲಿಯುವವರದ್ದು, ಇನ್ನೊಂದು ಪಕ್ಕದಲ್ಲಿ ಕೂರುವ ಮೇಷ್ಟ್ರದ್ದು. ಕಲಿಯುವವರು ಯಾವುದಾದರೂ ಗೋಡೆಯನ್ನು ಮುದ್ದಿಸಲು ಹೊರಟರೆ ಮೇಷ್ಟ್ರ ಬಲಗಾಲು ಧಡ್ ಎಂದು ಒತ್ತುತ್ತಿತ್ತು. ವರ್ಷಗಟ್ಟಲೆಯ ಅಭ್ಯಾಸ. ಈಗ ಮನೆಯಲ್ಲಿ ಭಯವಾದರೂ ಆ ಕಾಲು ಯಜಮಾನರ ಅಪ್ಪಣೆಗೆ ಕಾಯದೆ ನೆಲ ಗುದ್ದುತ್ತಿತ್ತು. ಮನೆಯೋ ಮಹಡಿಯ ಮೇಲಿನದು, ನೆಲವೋ ಮರದ ಹಲಗೆಯದು.

ಹೆಂಡತಿ ಮಲಗಿದಳು. ಮೇಷ್ಟ್ರು ಮಗುವನ್ನು ಎತ್ತಿಕೊಂಡರು. ಅದರ ಕತ್ತು ವಾಲಿತು. ಧಡ್! ಕಣ್ಣು ಬಿಟ್ಟಿದ್ದ ಮಗು ಬಾಯಿಯನ್ನೂ ಬಿಟ್ಟಿತು. ಸಮಾಧಾನಕ್ಕೆಂದು ಹಾಲಿನ ಬಾಟಲಿ ತಂದರೆ ಅದು ಕೈಜಾರಿತು. ಧಡ್! ಅಡುಗೆಮನೆಯ ಗೂಡಿನಲ್ಲಿದ್ದ ಸ್ಟೀಲಿನ ಡಬ್ಬಿಯೊಂದು ಉರುಳಿ, ಬಳಗದ ಪಾತ್ರೆಗಳನ್ನೆಲ್ಲ ಜೊತೆಗೆ ಕರೆದುಕೊಂಡು ಕೆಳಗಿಳಿಯಿತು.

ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದರು. "ಏನಪ್ಪಾ, ಮನೆ ಕೆಡವ್ತಿದ್ದೀಯಾ?"

"ಮಗೂನ ಮಲಗಿಸ್ತಿದ್ದೀನಿ ಅಜ್ಜಿ."

"ಮಲಗ್ತಾ?"

"ಇನ್ನೂ ಇಲ್ಲ."

"ನಾನು ಮಲಗಿದ್ದೆ" ಎಂದು ಅಜ್ಜಿ ಇಳಿದು ಹೋದರು.

ಮೇಷ್ಟ್ರು ತಿರುಗಿದರೆ ಕೋಣೆಯ ಬಾಗಿಲಲ್ಲಿ ಹೆಂಡತಿ! ಆಕೆ ಬಂದು ಮಗುವನ್ನು ತೆಗೆದುಕೊಂಡಳು. ಧಡ್!

"ಕೇಳಿಸ್ತಾ ರೀ?"

"ಏನು?"

"ಈ ಸದ್ದು. ನಾನು ಮಗು ಮುಟ್ಟಿದಾಗಲೆಲ್ಲ ನಿಮ್ಮ ಕಾಲು ಹೀಗೇ ಗುದ್ದುತ್ತೆ. ಸ್ನಾನ ಮಾಡಿಸಿದ್ರೂ ಧಡ್, ಬಟ್ಟೆ ಬದಲಿಸಿದ್ರೂ ಧಡ್. ನನ್ನ ಮೇಲೆ ನಿಮಗೆ ನಂಬಿಕೆ ಇಲ್ಲ ಅಂದ್ಕೊಂಡೆ. ಆಮೇಲೆ ನನಗೇ ನನ್ನ ಮೇಲೆ ನಂಬಿಕೆ ಹೋಯ್ತು. ನಾನು ತಾಯಿಯಾಗೋಕೇ ಲಾಯಕ್ಕಿಲ್ಲವೇನೋ ಅಂತ..." ಮುಂದಿನದು ಅಳುವಾಯಿತು.

ಮೇಷ್ಟ್ರು ತಮ್ಮ ಬಲಗಾಲನ್ನೇ ನೋಡಿಕೊಂಡರು. "ಅಯ್ಯೋ, ನಿನ್ನಾಣೆಗೂ ಹಾಗಲ್ಲ ಕಣೇ! ಭಯ ಇರೋದು ನನಗೆ. ಈ ಹಾಳು ಕಾಲು..."

ಹೆಂಡತಿ ಕಣ್ಣೊರೆಸಿಕೊಂಡು ಮಗುವನ್ನು ಹಜಾರದ ಮಂಚದ ಮೇಲೆ ಮಲಗಿಸಿದಳು. "ಒದ್ದೆ ಮಾಡ್ಕೊಂಡಿದ್ದಾನೆ. ಬಟ್ಟೆ ನೀವೇ ಬದಲಿಸಿ" ಎಂದು ಪಕ್ಕದ ಕುರ್ಚಿಯಲ್ಲಿ ಕೂತಳು.

ಮೇಷ್ಟ್ರು ಮಗುವಿನ ಕಾಲು ಎತ್ತಿದರು. ಧಡ್! ಈ ಸಲ ಗುದ್ದಿದವಳು ಹೆಂಡತಿ. ಮೇಷ್ಟ್ರು ಬೆಚ್ಚಿಬಿದ್ದರು. ಬಟ್ಟೆ ಮಡಚಿದರು. ಧಡ್! ಮಡಿಕೆ ಬಿಚ್ಚಿಕೊಂಡಿತು. ಗಂಟು ಹಾಕಹೋದರು. ಧಡ್! ಗಂಟು ಮೇಷ್ಟ್ರ ಹೆಬ್ಬೆರಳನ್ನೂ ಸೇರಿಸಿಕೊಂಡು ಬಿತ್ತು.

"ನಿಲ್ಲಿಸೇ ಮಾರಾಯ್ತಿ! ಹೀಗೆ ಮಾಡಿದ್ರೆ ಬರೋ ಕೆಲಸಾನೂ ಮರೆತು ಹೋಗುತ್ತೆ!"

"ಹೌದಾ?" ಎಂದಳು ಹೆಂಡತಿ.

ಮೇಷ್ಟ್ರು ತಲೆ ತಗ್ಗಿಸಿದರು. ಬೆರಳು ಮಾತ್ರ ಇನ್ನೂ ಗಂಟಿನಲ್ಲೇ ಇತ್ತು. ಅದನ್ನು ಕಂಡು ಆಕೆಗೆ ಅಳುವಿನ ನಡುವೆಯೇ ನಗು ಬಂತು. ಒಂದು ನಗುವಿಗೆ ಕಾಯಿಲೆ ಓಡಿಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮಾತ್ರೆ, ಡಾಕ್ಟರಮ್ಮ, ನಿದ್ದೆ ಎಲ್ಲವೂ ಇನ್ನೂ ಬೇಕಿತ್ತು.

ಆಕೆ ಒಳಗೆ ಹೋಗಿ ಮಲಗಿದಳು. ಮೇಷ್ಟ್ರು ಮಗುವನ್ನು ಎದೆಗವಚಿಕೊಂಡು, ಚಕ್ಕಳಮಕ್ಕಳ ಹಾಕಿ ಮಂಚದ ಮೇಲೆ ಕೂತರು.

"ರೀ, ಕಾಲು?" ಒಳಗಿನಿಂದ ನಿದ್ದೆಗಣ್ಣಿನ ದನಿ.

"ಮಡಚಿದ್ದೀನಿ!"

"ಗಾಡಿ ಯಾರ ಕೈಲಿದೆ?"

ಮಗು ಮೇಷ್ಟ್ರ ಮೀಸೆಯನ್ನು ಬಿಗಿಯಾಗಿ ಹಿಡಿದು ಎಡಕ್ಕೆ ತಿರುಗಿಸುತ್ತಿತ್ತು.

"ಇವನ ಕೈಲಿ" ಎಂದರು ಮೇಷ್ಟ್ರು, ಮೀಸೆ ಹೋದ ಕಡೆಗೆ ಮುಖವನ್ನೂ ಕಳುಹಿಸುತ್ತ. "ನೀನು ಮಲಗು. ನಾನಿನ್ನೂ ಕಲೀತಿದ್ದೀನಿ."