ತುಳಸಿ ಕುಂಡದಾಗ ಅರ್ಥಿಂಗ್

ರಾಯರು: ಅದು ಕರೆಂಟ್ ಅಲ್ಲ ತಾರಾ, ನಿನ್ನ ಭಕ್ತಿ! ತುಳಸೀದೇವಿ ಒಲದಾಳ, ಅದಕ್ಕ ಮೈ ಝುಮ್ ಅಂದದ.

ತಾರಾಬಾಯಿ: ಹಂಗಾದ್ರ ನೀವೂ ಒದ್ದಿ ಕೈಲೆ ಒಂದ್ ತಂಬಿಗಿ ನೀರು ಹಾಕಿ ಬರ್ರಿ. ನಿಮಗೂ ಒಲೀಲಿ.

ತ್ರ್ಯಂಬಕರಾಯರು ಸೋಫಾದಿಂದ ಅಲುಗಲಿಲ್ಲ. ಜೀವಮಾನವೆಲ್ಲ ಧಾರವಾಡದ ಸಾಲೆಯಲ್ಲಿ ವಿಜ್ಞಾನ ಕಲಿಸಿದವರು. ರಾಯಾಪುರದ ಹೊಸ ಮನೆಯ ಮಾಳಿಗೆಯ ಮೇಲೆ ಟೀವಿಯ ಆಂಟೆನಾ ನಿಲ್ಲಿಸಿದಾಗ, ಅದರ ಅರ್ಥಿಂಗ್ ತಂತಿಯನ್ನು ತಮ್ಮ ಕೈಯಾರೆ ಹುಗಿದಿದ್ದರು. ಎಲ್ಲಿ? ಪಕ್ಕದಲ್ಲಿದ್ದ ತುಳಸಿಯ ಕುಂಡದಲ್ಲಿ. ಈ ದಿನ ಬೆಳಿಗ್ಗೆ ನೀರು ಹಾಕಲು ಹೋದ ಹೆಂಡತಿಯ ಕೈಯಿಂದ ತಂಬಿಗೆ ಹಾರಿ ಬಿದ್ದಿತ್ತು.

ತಾರಾಬಾಯಿ: ತಂತಿ ನೆಲದಾಗ ಆಳಕ್ಕ ಇಳೀಬೇಕಂತ ಹುಡುಗೂರಿಗೆ ಹೇಳ್ತಿದ್ದವರು ನೀವ ಅಲ್ಲೇನ್ರಿ?

ರಾಯರು: ಮಣ್ಣಾಗ ಇಳೀಬೇಕು ಅಂದಿದ್ದೆ. ಕುಂಡದಾಗೇನು ಶಿರಾ ತುಂಬೇದೇನು?

ತಾರಾಬಾಯಿ: ಬಕೀಟಿನಾಗಿನ ನೀರಿಗೆ ಕೆರಿ ಅಂತಾರೇನ್ರಿ? ಅಂಗಳದಾಗ ಹುಗೀರಿ ಅಂತ ಬಡಕೊಂಡೆ.

ರಾಯರು: ಗೇಟಿನ ತನಕಾ ಟೈಲ್ಸ್ ಹಾಕ್ಸೇನಿ! ತೆಗ್ಗು ತಗದ್ರ ಟೈಲ್ಸಿಗೆ ಪೆಟ್ಟು ಬೀಳೂದಿಲ್ಲೇನು?

ತಾರಾಬಾಯಿ: ಖರೇನ. ಹೆಂಡತಿಗೆ ಬಿದ್ರ ನಡೀತದ. ಟೈಲ್ಸ್ ಗುಜರಾತದಿಂದ ಲಾರಿಯೊಳಗ ಬಂದಾವ. ನಾ ಉಪ್ಪಿನಬೆಟಗೇರಿಯಿಂದ ಕೆಂಪು ಬಸ್ಸಿನ್ಯಾಗ ಬಂದಾಕಿ!

ಮಳೆಗಾಲದಲ್ಲಿ ಕೆಸರಾಗಬಾರದೆಂದು ಅಂಗಳವನ್ನೆಲ್ಲ ಮುಚ್ಚಿಸಿದ ಜಾಣರ ಮನೆಯಲ್ಲಿ, ಈಗ ಒಂದು ಹಿಡಿ ಮಣ್ಣು ಬೇಕಾದರೆ ಮಾಳಿಗೆ ಹತ್ತಬೇಕಿತ್ತು. ಅಷ್ಟರಲ್ಲಿ ಹೊರಗೆ ನಾಲ್ಕು ಹನಿ ಉದುರಿದವು.

ರಾಯರು: ಅಯ್ಯ, ನಾಳೆ ಸಾಲ್ಯಾಗ ನನ್ನ ಸತ್ಕಾರಕ್ಕ ಉಡೂ ಧೋತರ ಮ್ಯಾಲ ಒಣಗಲಿಕ್ಕತ್ತದ, ಆಂಟೆನಾದ ಕಂಬದ ಹಗ್ಗಕ್ಕ! ಲಗೂ ಹೋಗಿ ತೊಗೊಂಡ್ ಬಾ.

ತಾರಾಬಾಯಿ: ನಾ ಒಲ್ಲೆ. ನನಗ ಭಕ್ತಿ ಭಾಳ ಆಗೇದ. ವಿಜ್ಞಾನ ಇದ್ದವರು ನೀವ ಹೋಗ್ರಿ.

ರಾಯರು ಎದ್ದರು. ರಬ್ಬರ್ ಚಪ್ಪಲಿ ಮೆಟ್ಟಿದರು. ಒಂದು ಗಳಿಗೆ ನಿಂತು, ಮೂಲೆಯಲ್ಲಿದ್ದ ಬಿದಿರಿನ ಕೋಲನ್ನೂ ಎತ್ತಿಕೊಂಡರು.

ತಾರಾಬಾಯಿ: ದೇವಿ ದರ್ಶನಕ್ಕ ಕೋಲ್ ಯಾಕ್ರಿ?

ರಾಯರು: ಮ್ಯಾಲ ಮಂಗ್ಯಾ ಬಂದಿರ್ತಾವ!

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲಿಂದ ಮೊದಲು ಕೋಲು ಉರುಳಿ ಬಂತು. ಅದರ ಹಿಂದೆಯೇ ಒಂದು ಕೂಗು: “ತಾರಾ! ಟೀವಿ ಪ್ಲಗ್ ಕೀಳ!”

ಆಕೆ ಓಡಿಹೋಗಿ ಪ್ಲಗ್ ಕಿತ್ತಳು. ಆಮೇಲೆ ಬಾಗಿಲಿಗೆ ಬಂದು ನಿಂತಳು.

ತಾರಾಬಾಯಿ: ಒಲದ್ಲೇನ್ರಿ?

ಧೋತರವನ್ನು ಮಳೆಗೇ ಬಿಟ್ಟು, ಬೆರಳು ಝಾಡಿಸುತ್ತ ರಾಯರು ಇಳಿದು ಬಂದರು.

ರಾಯರು: ಕಬ್ಬಿಣದ ಹಾರಿ ಎಲ್ಲಿಟ್ಟಿ? ಈಗಿಂದೀಗ ಅಂಗಳ ಒಡೀತೇನಿ!

ತಾರಾಬಾಯಿ: ಮೆಟ್ಲ ಕೆಳಗದ. ಸಾವಕಾಶ್ರಿ… ಟೈಲ್ಸಿಗೆ ಪೆಟ್ಟು ಬಿದ್ದೀತು!